ಓಟಿಗೂ ಒಂದು ತವರು

ಮದುವೆಯಾದ ಹೆಣ್ಣಿನ ಜೊತೆ ಗಂಡನ ಮನೆಗೆ ಏನೇನು ಹೋಗುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ. ಟ್ರಂಕು, ಹಾಸಿಗೆ, ಪಾತ್ರೆ ಪಡಗ ಎಂದು ಪಟ್ಟಿ ಹೇಳುತ್ತಾರೆಯೇ ಹೊರತು ‘ಓಟು’ ಎಂದು ಒಬ್ಬರೂ ಹೇಳುವುದಿಲ್ಲ. ಆದರೆ ಅದೂ ಹೋಗುತ್ತದೆ. ತವರಿನ ಪಟ್ಟಿಯಲ್ಲಿ ಅಪ್ಪನ ಹೆಸರಿನ ಪಕ್ಕದಲ್ಲಿದ್ದವಳನ್ನು ಅಲ್ಲಿ ಹೊಡೆದುಹಾಕಿ, ಇಲ್ಲಿ ಗಂಡನ ಹೆಸರಿನ ಪಕ್ಕದಲ್ಲಿ ಬರೆಯುತ್ತಾರೆ. ಗಂಡಸರ ಓಟು ಹುಟ್ಟಿದೂರಿನ ಶಾಲೆಯಲ್ಲೇ ಬೇರು ಬಿಟ್ಟು ಕೂತಿರುತ್ತದೆ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ನೌಕರಿ ಮಾಡಿದವರೂ ಬಸ್ಸು ಹತ್ತಿ ಬಂದು ಊರಲ್ಲೇ ಹಾಕಿ ಹೋಗುತ್ತಾರೆ. ನಮ್ಮ ಓಟು ಮಾತ್ರ ಬಟ್ಟೆಗಂಟಿನ ಹಾಗೆ ನಮ್ಮ ಜೊತೆಯಲ್ಲೇ ಅಲೆಯುತ್ತದೆ.

ನನ್ನದನ್ನೇ ಹೇಳುತ್ತೇನೆ. ನನ್ನ ತವರು ಗುಬ್ಬಿ, ಕೊಟ್ಟ ಮನೆ ಕುಣಿಗಲ್, ಸಂಸಾರ ಬೆಳೆದದ್ದು ತುಮಕೂರು. ಮೂರೂ ಕಡೆ ಓಟು ಹಾಕಿದ್ದೇನೆ. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಮೂರೂ ಊರು ಮುಟ್ಟಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು, ಅಷ್ಟೇ ದೂರ. ಆಗೆಲ್ಲ ಮೂರೂ ತುಮಕೂರು ಲೋಕಸಭಾ ಕ್ಷೇತ್ರಕ್ಕೇ ಸೇರಿದ್ದವು. ಹಾಗಾಗಿ ನನಗೆ ಅಡುಗೆಮನೆ ಬದಲಾಯಿತೇ ಹೊರತು ದೆಹಲಿಗೆ ಹೋಗುವ ಎಂ.ಪಿ. ಬದಲಾಗಲಿಲ್ಲ.

ನಮ್ಮ ಮನೆಯಲ್ಲಿ ಮೊದಲು ಓಟು ಹಾಕಿದ ಹೆಂಗಸು ನನ್ನ ಅಜ್ಜಿ, ಅಪ್ಪನ ತಾಯಿ. 1952ರ ಮೊದಲ ಚುನಾವಣೆ. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತಿನ ಚಿತ್ರ. ಬೇಕಾದ ಗುರುತಿನ ಪೆಟ್ಟಿಗೆಗೆ ಚೀಟಿ ಹಾಕಿ ಬಂದರೆ ಆಯಿತು. ಅಜ್ಜಿಗೆ ಪೆಟ್ಟಿಗೆಯ ಭಯವಿರಲಿಲ್ಲ. ಭಯವಾದದ್ದು ಅಲ್ಲಿ ಕೂತಿದ್ದ ಗುಮಾಸ್ತರು ಕೇಳಿದ ಪ್ರಶ್ನೆಗೆ. ‘ಗಂಡನ ಹೆಸರೇನಮ್ಮ?’ ಎಂದರಂತೆ. ಆ ಕಾಲದ ಹೆಂಗಸು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೆ? ಅಜ್ಜಿ ಸೆರಗು ಎಳೆದುಕೊಂಡು, ‘ನಮ್ಮೂರ ದೇವರ ಹೆಸರೇ ಸ್ವಾಮಿ, ಗುಡಿ ಅಕಾ ಅಲ್ಲೈತೆ’ ಎಂದು ಕೈ ತೋರಿಸಿದರಂತೆ. ಗುಬ್ಬಿಯಲ್ಲಿ ಊರ ದೇವರು ಎಂದರೆ ಚನ್ನಬಸವೇಶ್ವರ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಗುಮಾಸ್ತರು ನಕ್ಕು ಚೀಟಿ ಕೊಟ್ಟರು. ಅಜ್ಜಿ ಈ ಕಥೆಯನ್ನು ಎಷ್ಟು ಸಲ ಹೇಳಿದ್ದರೆಂದರೆ, ಗೆದ್ದವರು ಯಾರು ಎಂಬುದು ಅದರಲ್ಲಿ ಬರುತ್ತಲೇ ಇರಲಿಲ್ಲ. ಗೆದ್ದವರು ಕಾಂಗ್ರೆಸ್ಸಿನ ಸಿ.ಆರ್. ಬಸಪ್ಪನವರು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷ ಕಳೆದ ಮೇಲೆ.

ಅಜ್ಜಿಯ ಹೆಸರು ಪಟ್ಟಿಯಲ್ಲಿ ಇದ್ದದ್ದೇ ದೊಡ್ಡದು. ಆ ಚುನಾವಣೆಗೆ ಪಟ್ಟಿ ಬರೆಯಲು ಹೋದಾಗ ಉತ್ತರದ ಕಡೆ ಲಕ್ಷಾಂತರ ಹೆಂಗಸರು ತಮ್ಮ ಹೆಸರನ್ನೇ ಹೇಳಲಿಲ್ಲವಂತೆ. ‘ಇಂಥವರ ಹೆಂಡತಿ’, ‘ಇಂಥವನ ತಾಯಿ’ ಎಂದಷ್ಟೇ ಬರೆಸಿದರು. ಆಗಿನ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನರು, ಸ್ವಂತ ಹೆಸರಿಲ್ಲದವರನ್ನು ಪಟ್ಟಿಯಲ್ಲಿ ಇಡಲಾಗದು ಎಂದರು. ಹೀಗೆ ಸುಮಾರು 28 ಲಕ್ಷ ಹೆಂಗಸರು ಬಿಟ್ಟುಹೋದರು. ಕೇಳಿದಾಗ ಇದು ಅನ್ಯಾಯ ಎನಿಸುತ್ತದೆ. ಯೋಚಿಸಿದರೆ, ನಿನಗೊಂದು ಹೆಸರಿದೆ, ಅದನ್ನು ಹೇಳು ಎಂದು ನಮ್ಮ ಹೆಂಗಸರನ್ನು ಸರ್ಕಾರ ಕೇಳಿದ್ದು ಅದೇ ಮೊದಲಿರಬೇಕು ಎಂದೂ ಅನಿಸುತ್ತದೆ.

1957ರಲ್ಲಿ ನಮ್ಮ ಕ್ಷೇತ್ರದಿಂದ ಗೆದ್ದವರು ಕೋಲಾರದ ಕಡೆಯವರಾದ ಎಂ.ವಿ. ಕೃಷ್ಣಪ್ಪನವರು. ನನಗೆ ಬುದ್ಧಿ ಬಂದ ಮೇಲಿನ ಮೊದಲ ಚುನಾವಣೆ 1967ರದು. ಕಾಂಗ್ರೆಸ್ಸಿನ ಜೋಡೆತ್ತಿನ ಎದುರು ಪ್ರಜಾ ಸೋಷಲಿಸ್ಟ್ ಪಕ್ಷದ ಗುಡಿಸಲು. ಗುಡಿಸಲೇ ಗೆದ್ದಿತು, ಕೆ. ಲಕ್ಕಪ್ಪನವರು ಎಂ.ಪಿ. ಆದರು. ಮುಂದೆ ಅದೇ ಲಕ್ಕಪ್ಪನವರು 1971ರಲ್ಲೂ 1977ರಲ್ಲೂ ಕಾಂಗ್ರೆಸ್ಸಿನ ಹಸು ಕರುವಿನ ಗುರುತಿನಿಂದ ಗೆದ್ದರು, 1980ರಲ್ಲಿ ಹಸ್ತದ ಗುರುತಿನಿಂದ ಗೆದ್ದರು. ಗುಡಿಸಲು, ಹಸು ಕರು, ಹಸ್ತ, ಮನುಷ್ಯರು ಮಾತ್ರ ಒಬ್ಬರೇ. ‘ಗುರುತು ಯಾವುದಾದರೂ ಇರಲಿ, ಮುಖ ಗುರುತು ಸಿಗುತ್ತೆ ಬಿಡು’ ಎನ್ನುತ್ತಿದ್ದರು ಅವ್ವ.

ನಾನು ಮೊದಲು ಓಟು ಹಾಕಿದ್ದು 1977ರಲ್ಲಿ, ಗುಬ್ಬಿಯಲ್ಲಿ. ಆಗ 21 ತುಂಬಿರಬೇಕಿತ್ತು. 18ಕ್ಕೆ ಇಳಿದದ್ದು 1989ರಲ್ಲಿ. ಆ ಸಲ ಉತ್ತರದಲ್ಲೆಲ್ಲ ಕಾಂಗ್ರೆಸ್ಸು ಕೊಚ್ಚಿಹೋದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಅದಕ್ಕೇ ಬಂದವು. ಮಾರನೆಯ ವರ್ಷ ನಮ್ಮ ಪಕ್ಕದ ಚಿಕ್ಕಮಗಳೂರಿನವರು ಇಂದಿರಾ ಗಾಂಧಿಯವರನ್ನು ಗೆಲ್ಲಿಸಿ ಕಳಿಸಿದರು. ಬೀದಿಯ ಹೆಂಗಸರೆಲ್ಲ ಜಗುಲಿಯ ಮೇಲೆ ಕೂತು, ಆ ಊರಿನ ಹೆಂಗಸರು ತಮ್ಮ ಮನೆಗೇ ಯಾರೋ ಬಂದ ಹಾಗೆ ಸಂಭ್ರಮಪಟ್ಟಿರಬೇಕು ಎಂದು ಮಾತಾಡಿಕೊಂಡದ್ದು ನೆನಪಿದೆ.

1979ರಲ್ಲಿ ಮದುವೆಯಾಗಿ ಕುಣಿಗಲ್ಲಿಗೆ ಬಂದೆ. ಅದು ಏಳು ಓಟಿನ ಮನೆ. ಹಾಗೆಂದು ನಾನು ಹೇಳುವುದಲ್ಲ, ಮನೆಗೆ ಬರುತ್ತಿದ್ದ ಪಕ್ಷದವರೇ ಹಾಗೆ ಲೆಕ್ಕ ಹಾಕುತ್ತಿದ್ದರು. ಜಗುಲಿಯಲ್ಲಿ ಮಾವನವರ ಹತ್ತಿರ ಕೂತು ಕಾಫಿ ಕುಡಿದು, ‘ಯಜಮಾನರು ಹೂಂ ಅಂದರೆ ಏಳೂ ನಮ್ಮದೇ’ ಎಂದು ಎದ್ದು ಹೋಗುತ್ತಿದ್ದರು. ಆ ಏಳರಲ್ಲಿ ನಾಲ್ಕು ನಮ್ಮವು: ಅತ್ತೆ, ಇಬ್ಬರು ಓರಗಿತ್ತಿಯರು, ನಾನು. ಕಾಫಿ ಮಾಡಿದವರೂ ನಾವೇ. ಆದರೆ ನಡುಮನೆ ದಾಟಿ ಬಂದು ನಿಮ್ಮ ಅಭಿಪ್ರಾಯವೇನು ತಾಯಿ ಎಂದು ಕೇಳಿದವರಿಲ್ಲ.

1980ರ ಜನವರಿಯಲ್ಲಿ ನಾವು ನಾಲ್ವರೂ ಒಟ್ಟಿಗೆ ಹೋಗಿ ಹೆಂಗಸರ ಸಾಲಿನಲ್ಲಿ ನಿಂತೆವು. ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಮೇಜು, ಅದರ ಮೇಲೆ ಮೂರು ಕಡೆ ರಟ್ಟಿನ ಮರೆ, ಒಂದು ಸೀಲು. ಅಷ್ಟು ಜನರ ಆ ಮನೆಯಲ್ಲಿ ಮೈಗೆ ಹುಷಾರಿಲ್ಲದಾಗಲೂ ಒಬ್ಬಳೇ ಮಲಗಲು ನನಗೊಂದು ಮೂಲೆಯಿರಲಿಲ್ಲ. ತವರಿನಿಂದ ಬಂದ ಕಾಗದವೂ ನಾಲ್ಕು ಕೈ ದಾಟಿ ನನಗೆ ಸಿಗುತ್ತಿತ್ತು. ಆ ರಟ್ಟಿನ ಮರೆಯಲ್ಲಿ ಮಾತ್ರ ಯಾರೂ ಇಣುಕಲಿಲ್ಲ. ಅರ್ಧ ನಿಮಿಷ ಸುಮ್ಮನೆ ನಿಂತೇ ಇದ್ದೆ. ‘ಬೇಗ ಮಾಡಮ್ಮ’ ಎಂದು ಯಾರೋ ಅಂದ ಮೇಲೆ ಸೀಲು ಒತ್ತಿದೆ. ದಾರಿಯಲ್ಲಿ ಓರಗಿತ್ತಿ ಮೆಲ್ಲಗೆ, ‘ಮಾವನವರು ಹೇಳಿದ್ದಕ್ಕೇ ಹಾಕಿದೆಯಾ?’ ಎಂದರು. ‘ನೀವು?’ ಎಂದೆ. ಇಬ್ಬರೂ ನಕ್ಕೆವು, ಇಬ್ಬರೂ ಹೇಳಲಿಲ್ಲ. ನಲವತ್ತೈದು ವರ್ಷ ದಾಟಿದೆ, ಇವತ್ತಿಗೂ ಹೇಳಿಕೊಂಡಿಲ್ಲ.

ನಮ್ಮವರಿಗೆ ವರ್ಗವಾಗಿ 1988ರಲ್ಲಿ ತುಮಕೂರಿಗೆ ಬಂದೆವು. ಮರುವರ್ಷದ ಚುನಾವಣೆಗೆ ಹೋಗಿ ನೋಡಿದರೆ ಪಟ್ಟಿಯಲ್ಲಿ ನಮ್ಮವರಿದ್ದಾರೆ, ನಾನಿಲ್ಲ. ಕುಣಿಗಲ್ಲಿನಲ್ಲಿ ಇಬ್ಬರನ್ನೂ ತೆಗೆದಿದ್ದಾರೆ, ಇಲ್ಲಿ ಒಬ್ಬರನ್ನೇ ಸೇರಿಸಿದ್ದಾರೆ. ಅರ್ಜಿ ಇಬ್ಬರದೂ ಒಟ್ಟಿಗೇ ಕೊಟ್ಟಿತ್ತು. ಕಚೇರಿಗೆ ಹೋಗಿ ಕೇಳಿದರೆ, ‘ಯಜಮಾನರದು ಬಂದಿದೆಯಲ್ಲ, ಬಿಡಿ ಅಮ್ಮ’ ಎಂಬ ಸಮಾಧಾನ. ಆ ಸಲ ಮನೆಯಲ್ಲೇ ಕೂತೆ. ಬೀದಿಯ ಹೆಂಗಸರೆಲ್ಲ ಬೆರಳಿನ ಮಸಿ ತೋರಿಸಿಕೊಂಡು ಬರುವಾಗ ನನ್ನ ಬೆರಳು ನನಗೇ ಬೋಳು ಬೋಳಾಗಿ ಕಂಡಿತು. ಈ ಮಸಿ ತಯಾರಾಗುವುದು ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಸ್ಥಾಪಿಸಿದ ಬಣ್ಣದ ಕಾರ್ಖಾನೆಯಲ್ಲಿ. 1962ರಿಂದ ದೇಶಕ್ಕೆಲ್ಲ ಅದೇ ಮಸಿ. ಪಾತ್ರೆ ತಿಕ್ಕಿದರೂ ಬಟ್ಟೆ ಒಗೆದರೂ ಹೋಗುವುದಿಲ್ಲ, ಉಗುರು ಬೆಳೆದೇ ಹೋಗಬೇಕು. ಕಾಗದದ ಮೇಲಿನ ಹೆಸರು ಮಾತ್ರ ಅಷ್ಟು ಸುಲಭವಾಗಿ ಅಳಿಸಿಹೋಗುತ್ತದೆ.

1991ಕ್ಕೆ ಪಟ್ಟಿಯಲ್ಲಿ ಬಂದೆ. ಆಮೇಲೆ ತುಮಕೂರಿನದು ಬಾವಿಯ ರಾಟೆಯ ಕಥೆ, ಒಂದು ಬಿಂದಿಗೆ ಮೇಲೆ ಬಂದರೆ ಇನ್ನೊಂದು ಕೆಳಗೆ. ಜಿ.ಎಸ್. ಬಸವರಾಜು ಅವರು 1984 ಮತ್ತು 1989ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದಿದ್ದರು. 1991ರಲ್ಲಿ ಬಿಜೆಪಿಯ ಎಸ್. ಮಲ್ಲಿಕಾರ್ಜುನಯ್ಯನವರು ಗೆದ್ದು ಲೋಕಸಭೆಯ ಉಪಾಧ್ಯಕ್ಷರೂ ಆದರು. 1996ರಲ್ಲಿ ಜನತಾದಳದ ಸಿ.ಎನ್. ಭಾಸ್ಕರಪ್ಪನವರು. 1998ರಲ್ಲಿ ಮತ್ತೆ ಮಲ್ಲಿಕಾರ್ಜುನಯ್ಯ, 1999ರಲ್ಲಿ ಬಸವರಾಜು, 2004ರಲ್ಲಿ ಮಲ್ಲಿಕಾರ್ಜುನಯ್ಯ, 2009ರಲ್ಲಿ ಬಸವರಾಜು, ಈ ಸಲ ಅವರೂ ಬಿಜೆಪಿಯಿಂದ. 2014ರಲ್ಲಿ ಕಾಂಗ್ರೆಸ್ಸಿನ ಎಸ್.ಪಿ. ಮುದ್ದಹನುಮೇಗೌಡರು, 2019ರಲ್ಲಿ ಮತ್ತೆ ಬಸವರಾಜು, 2024ರಲ್ಲಿ ಬಿಜೆಪಿಯ ವಿ. ಸೋಮಣ್ಣನವರು. 1967ರಿಂದ 2024ರವರೆಗಿನ 15 ಚುನಾವಣೆಗಳಲ್ಲಿ 12ನ್ನು ಮೂವರೇ ಹಂಚಿಕೊಂಡಿದ್ದಾರೆ. ಮೊದಲ ಚುನಾವಣೆಯಿಂದ ಲೆಕ್ಕ ಹಾಕಿದರೆ ಒಟ್ಟು 18. ಈ ಹದಿನೆಂಟರಲ್ಲಿ ಒಂದು ಸಲವೂ ಹೆಂಗಸು ಗೆದ್ದಿಲ್ಲ.

ನಮ್ಮ ಕಡೆ ಚುನಾವಣೆ ಬಂತೆಂದರೆ ಮೊದಲು ಎಣಿಸುವುದು ಜಾತಿಯನ್ನು. ಲಿಂಗಾಯತರೆಷ್ಟು, ಒಕ್ಕಲಿಗರೆಷ್ಟು, ಕುರುಬರೆಷ್ಟು, ಪರಿಶಿಷ್ಟರೆಷ್ಟು, ಮುಸ್ಲಿಮರೆಷ್ಟು ಎಂದು ಹೋಟೆಲಿನಲ್ಲಿ ಇಡ್ಲಿ ತಿನ್ನುವವರಿಗೂ ಬಾಯಿಪಾಠ. ಹೆಂಗಸರು ಎಷ್ಟು ಎಂದು ಆ ಬೆಂಚಿನ ಮೇಲೆ ಯಾರೂ ಲೆಕ್ಕ ಹಾಕಿದ್ದನ್ನು ನಾನು ಕೇಳಿಲ್ಲ. ನಮ್ಮ ಗುಬ್ಬಿಯ ಹೆಸರು ಹೊತ್ತ ಹೆಣ್ಣು ಪಾರ್ಲಿಮೆಂಟಿನಲ್ಲಿ ಕೂತದ್ದುಂಟು. ಗುಬ್ಬಿ ವೀರಣ್ಣನವರ ಮೊಮ್ಮಗಳು, ರಂಗಕಲಾವಿದೆ ಬಿ. ಜಯಶ್ರೀ ಅವರು 2010ರಲ್ಲಿ ರಾಜ್ಯಸಭೆಗೆ ಹೋದರು. ತವರಿಗೆಲ್ಲ ಅದು ಹೆಮ್ಮೆ. ಆದರೆ ಅದು ನಾಮಕರಣ, ರಾಷ್ಟ್ರಪತಿಗಳು ಕಳಿಸಿದ್ದು, ನಮ್ಮ ಓಟಿನಿಂದ ಹೋದದ್ದಲ್ಲ.

ಇನ್ನು ಕುಣಿಗಲ್ಲಿನ ಕಥೆಗೆ ಬರುತ್ತೇನೆ. 2008ರಲ್ಲಿ ಕ್ಷೇತ್ರಗಳ ಗೆರೆಗಳನ್ನು ಹೊಸದಾಗಿ ಎಳೆದರು. ಹುಲಿಯೂರುದುರ್ಗ ಎಂಬ ವಿಧಾನಸಭಾ ಕ್ಷೇತ್ರವೇ ಇಲ್ಲವಾಯಿತು. ಕುಣಿಗಲ್ಲನ್ನು ಬೆಂಗಳೂರು ಗ್ರಾಮಾಂತರಕ್ಕೆ ಕೊಟ್ಟರು. ಕೊಟ್ಟರು ಎಂಬ ಮಾತೇ ಸರಿ, ಹೆಣ್ಣು ಕೊಟ್ಟ ಹಾಗೆ. ಜಿಲ್ಲಾಧಿಕಾರಿಗಳ ಕಚೇರಿ ತುಮಕೂರಿನಲ್ಲಿ, ಜಿಲ್ಲಾ ಆಸ್ಪತ್ರೆ ತುಮಕೂರಿನಲ್ಲಿ, ಎಂ.ಪಿ. ಮಾತ್ರ ಕನಕಪುರ, ಆನೇಕಲ್, ರಾಜರಾಜೇಶ್ವರಿನಗರದವರ ಜೊತೆ ಪಾಲು. ‘ನಮ್ಮೂರಿನ ಕುದುರೆ ಬೆಂಗಳೂರಿನ ರೇಸಿಗೆ ಹೋಗುತ್ತಿದ್ದವು, ಈಗ ಓಟೂ ಅಲ್ಲಿಗೇ ಹೋಯಿತು ನೋಡು’ ಎಂದರು ಓರಗಿತ್ತಿ. ಗೆರೆ ಎಳೆಯುವ ಮುಂಚೆ ಕುಣಿಗಲ್ಲಿನ ಮಾತು ಎಷ್ಟು ಕೇಳಿದರೋ! ಮದುವೆ ಮಾತುಕತೆಯಲ್ಲಿ ನಮ್ಮನ್ನು ಎಷ್ಟು ಕೇಳುತ್ತಿದ್ದರೋ ಅಷ್ಟೇ ಇರಬೇಕು.

ಆದರೆ ಕೊಟ್ಟ ಮನೆಯಲ್ಲಿ ಕುಣಿಗಲ್ಲು ಬೇರೆ ತರಹದ ಸ್ಪರ್ಧೆ ಕಂಡಿತು. ಆ ಸೀಮೆಯಲ್ಲಿ ಮೊದಲಿದ್ದ ಕನಕಪುರ ಕ್ಷೇತ್ರದಲ್ಲಿ 2004ರಲ್ಲಿ ಪತ್ರಕರ್ತೆಯಾಗಿದ್ದ ತೇಜಸ್ವಿನಿಯವರು ದೇವೇಗೌಡರಂಥವರನ್ನೇ ಸೋಲಿಸಿದ್ದರು. 2009ರಲ್ಲಿ ಅವರೇ ಬೆಂಗಳೂರು ಗ್ರಾಮಾಂತರಕ್ಕೆ ನಿಂತರು. ಆ ಸಲ ಗೆದ್ದವರು ಎಚ್.ಡಿ. ಕುಮಾರಸ್ವಾಮಿಯವರು. 2013ರ ಉಪಚುನಾವಣೆಗೆ ಅನಿತಾ ಕುಮಾರಸ್ವಾಮಿಯವರು ನಿಂತು ಡಿ.ಕೆ. ಸುರೇಶ್ ಅವರ ಎದುರು ಸೋತರು. ಅದೇ ಅನಿತಾ ಅವರು 2008ರ ಕೊನೆಯಲ್ಲಿ ನಮ್ಮ ಮಧುಗಿರಿಯಿಂದ ಶಾಸಕಿಯಾಗಿದ್ದವರು. ಗೆಲುವು ಸೋಲು ಆಮೇಲಿನ ಮಾತು. ‘ನಮ್ಮ ಮಿಷನ್ನಿನಲ್ಲಿ ದೊಡ್ಡ ಪಕ್ಷದಿಂದಲೇ ಹೆಂಗಸಿನ ಹೆಸರಿತ್ತು, ನಿಮ್ಮದರಲ್ಲಿ?’ ಎಂದು ಓರಗಿತ್ತಿ ಕೇಳಿದರೆ ನನ್ನ ಹತ್ತಿರ ಉತ್ತರವಿರಲಿಲ್ಲ.

2019ರಲ್ಲಿ ದೇವೇಗೌಡರು ಹಾಸನವನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟು ನಮ್ಮ ತುಮಕೂರಿಗೆ ಬಂದು ನಿಂತರು. ಅವರ ಪಕ್ಷದ ಗುರುತು ನಿಮಗೆಲ್ಲ ಗೊತ್ತು, ತೆನೆ ಹೊತ್ತ ಮಹಿಳೆ. ಓಟಿನ ಮಿಷನ್ನಿನಲ್ಲಿ ಅವಳನ್ನು ನೋಡಿದಾಗಲೆಲ್ಲ ನನಗೆ ಅನಿಸುವುದೊಂದೇ. ಹೊರೆ ಹೊತ್ತವಳು ಇವಳು, ಪಕ್ಕದಲ್ಲಿ ಬರೆದ ಹೆಸರು ಗಂಡಸಿನದು. ಹಾಗೆಂದು ದೇವೇಗೌಡರನ್ನು ಅಲ್ಲಗಳೆಯುವ ಹಾಗೂ ಇಲ್ಲ. ಲೋಕಸಭೆಯಲ್ಲಿ, ವಿಧಾನಸಭೆಗಳಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿಗೆ ಇಡಬೇಕೆಂಬ ಮಸೂದೆಯನ್ನು ಮೊದಲ ಸಲ, 1996ರ ಸೆಪ್ಟೆಂಬರಿನಲ್ಲಿ ಮಂಡಿಸಿದ್ದು ಅವರು ಪ್ರಧಾನಿಯಾಗಿದ್ದ ಸರ್ಕಾರವೇ. ಅಂಥವರೂ ನಮ್ಮ ಕ್ಷೇತ್ರದಲ್ಲಿ 13,339 ಓಟಿನಿಂದ ಸೋತರು.

ಸೋಲಿಗೆ ಕಾರಣ ಕೇಳಿದರೆ ಬಹಳ ಜನ ಹೇಳಿದ್ದು ನೀರು. ಹೇಮಾವತಿಯ ಅಣೆಕಟ್ಟು ಇರುವುದು ಹಾಸನದ ಗೊರೂರಿನಲ್ಲಿ. ಅಲ್ಲಿಂದ ನಾಲೆಯಲ್ಲಿ ನಮ್ಮ ಪಾಲು ಬರಬೇಕು. ಹಾಸನದವರು ನಮ್ಮ ಪಾಲನ್ನು ಸರಿಯಾಗಿ ಬಿಡಲಿಲ್ಲ ಎಂಬ ಸಿಟ್ಟು ಜಿಲ್ಲೆಯಲ್ಲಿ ಹಳೆಯದು. ಗಂಡಸರು ಇದನ್ನು ಟಿಎಂಸಿಯಲ್ಲಿ ಮಾತಾಡುತ್ತಾರೆ, ನಮಗೆ ಗೊತ್ತಿರುವುದು ಬಿಂದಿಗೆಯ ಲೆಕ್ಕ. ಬುಗುಡನಹಳ್ಳಿ ಕೆರೆಗೆ ಹೇಮಾವತಿ ಬಂದರೆ ತುಮಕೂರಿನ ನಲ್ಲಿಗೆ ನೀರು. ಬಾರದಿದ್ದರೆ ರಾತ್ರಿಯೆಲ್ಲ ಕಿವಿ ನಲ್ಲಿಯ ಕಡೆಗೇ, ಮಗುವಿನ ತೊಟ್ಟಿಲ ಕಡೆ ಇರುತ್ತದಲ್ಲ, ಹಾಗೆ.

ಈಗ ಅದೇ ನೀರು ನನ್ನ ತವರಿಗೂ ಕೊಟ್ಟ ಮನೆಗೂ ಜಗಳ ತಂದಿಟ್ಟಿದೆ. ಗುಬ್ಬಿ ತಾಲ್ಲೂಕಿನ ನಾಲೆಯಿಂದ ಕುಣಿಗಲ್ಲಿನ ಕಡೆಗೆ ನೇರವಾಗಿ ನೀರು ಒಯ್ಯುವ ಲಿಂಕ್ ಕೆನಾಲ್ ಯೋಜನೆ ಬಂದಾಗ, 2024 ಮತ್ತು 2025ರಲ್ಲಿ ಗುಬ್ಬಿ, ತುಮಕೂರಿನ ರೈತರು ಬೀದಿಗಿಳಿದರು. ತಮ್ಮನ ಹೆಂಡತಿ ಫೋನಿನಲ್ಲಿ, ‘ಅಕ್ಕಾ, ನಮ್ಮ ತೆಂಗು ಅಡಿಕೆ ಒಣಗಿಸಿ ಅವರಿಗೆ ಕೊಡ್ತಾರಂತೆ’ ಎಂದಳು. ಸಂಜೆ ಓರಗಿತ್ತಿಯ ಫೋನು: ‘ನಾಲೆಯ ಕೊನೆಯಲ್ಲಿರೋರು ನಾವು. ಇಷ್ಟು ವರ್ಷ ನಮ್ಮ ಪಾಲು ನಮಗೆ ಬಂದಿದ್ದು ಎಷ್ಟು, ನೀನೇ ಹೇಳು.’ ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ. ಕುಣಿಗಲ್ಲಿನ ಕೆರೆಯ ಮೇಲೆ ಜನಪದದವರು ಹಾಡನ್ನೇ ಕಟ್ಟಿದ್ದಾರೆ. ಅಂಥ ಕೆರೆಯ ಊರು ನೀರಿಗೆ ಕೈಚಾಚಬೇಕಾಗಿದೆ. ಮೊದಲಾಗಿದ್ದರೆ ಎರಡೂ ಊರಿನವರು ಒಬ್ಬರೇ ಎಂ.ಪಿ.ಯ ಮನೆ ಮುಂದೆ ಕೂತು ಜಗಳ ತೀರಿಸಿಕೊಳ್ಳಬಹುದಿತ್ತು. ಈಗ ಗುಬ್ಬಿಗೆ ಒಬ್ಬರು, ಕುಣಿಗಲ್ಲಿಗೆ ಒಬ್ಬರು. ಒಂದೇ ಜಿಲ್ಲೆಯ ಎರಡು ತಾಲ್ಲೂಕು ಪಾಲಾದ ಅಣ್ಣತಮ್ಮಂದಿರ ಹಾಗೆ ಬೇರೆ ಬೇರೆ ಬಾಗಿಲಲ್ಲಿ ನಿಂತಿವೆ.

2024ರ ಏಪ್ರಿಲ್ 26ರಂದು ಎರಡೂ ಕ್ಷೇತ್ರಕ್ಕೆ ಒಂದೇ ದಿನ ಓಟು. ಕುಣಿಗಲ್ಲಿನವರು ಹೃದಯದ ಡಾಕ್ಟರು ಸಿ.ಎನ್. ಮಂಜುನಾಥರನ್ನು ಆರಿಸಿದ ಕ್ಷೇತ್ರದಲ್ಲಿದ್ದರು, ನಾವು ಸೋಮಣ್ಣನವರನ್ನು. ಸೋಮಣ್ಣನವರು ಹೊರಗಿನವರು ಎಂದು ಪ್ರಚಾರದಲ್ಲಿ ಬಹಳ ಮಾತು ಬಂತು. ನನಗೆ ಒಳಗೊಳಗೇ ನಗು. ಹೊರಗಿನಿಂದ ಬಂದು ಇನ್ನೊಂದು ಮನೆಯನ್ನು ತನ್ನದೆಂದು ನಡೆಸುವುದರಲ್ಲಿ ನಮಗಿಂತ ಪಳಗಿದವರು ಯಾರಿದ್ದಾರೆ? ಗೆದ್ದವರು ಕೇಂದ್ರದಲ್ಲಿ ರೈಲ್ವೆ ಮತ್ತು ಜಲಶಕ್ತಿ ಖಾತೆಗಳ ರಾಜ್ಯಮಂತ್ರಿಯಾದರು. ಹೊರಗಿನವರೋ ಒಳಗಿನವರೋ, ನಲ್ಲಿಯಲ್ಲಿ ನೀರು ಬಂದ ದಿನ ತೀರ್ಮಾನ ಮಾಡೋಣ ಎಂದುಕೊಂಡೆ.

1996ರ ಆ ಮಸೂದೆ 27 ವರ್ಷ ಅಲೆದು 2023ರಲ್ಲಿ ಕಾಯಿದೆಯಾಯಿತು. ಜನಗಣತಿ ಆಗಿ, ಕ್ಷೇತ್ರಗಳ ಗೆರೆಯನ್ನು ಮತ್ತೆ ಎಳೆದ ಮೇಲೆ ಜಾರಿ ಎಂದು ಅದರಲ್ಲಿ ಬರೆದರು. ಮತ್ತೆ ಗೆರೆ! ಆದರೂ ಮೀಸಲಿನ ಮೇಲೆ ನನಗೆ ನಂಬಿಕೆಯಿದೆ. ಪಂಚಾಯಿತಿಗಳಲ್ಲಿ ಹೆಂಗಸರಿಗೆ ಜಾಗ ಇಟ್ಟದ್ದರಲ್ಲಿ ನಮ್ಮ ರಾಜ್ಯವೇ ಮುಂದು. 1987ರಲ್ಲೇ ಕಾಲುಭಾಗ ಕೊಟ್ಟಿತ್ತು, 2010ರಿಂದ ಅರ್ಧ. ಓರಗಿತ್ತಿಯ ಸೊಸೆ ಹಾಗೆ ಸದಸ್ಯೆಯಾದವಳು. ಮೊದಲ ವರ್ಷ ಸಭೆಗೆ ಗಂಡ ಜೊತೆಗೆ ಹೋಗುತ್ತಿದ್ದ. ಮೂರನೆಯ ವರ್ಷ ‘ನೀವು ಮನೇಲಿರಿ, ಬೋರ್‌ವೆಲ್ ವಿಚಾರ ನನಗೆ ಗೊತ್ತು’ ಎಂದಳಂತೆ. ಜಾಗ ಇಟ್ಟಲ್ಲಿ ಹೆಂಗಸರು ಬಂದರು. ಇಡದ ಕಡೆ ಎದ್ದು ಜಾಗ ಬಿಟ್ಟುಕೊಟ್ಟ ಗಂಡಸರು ಎಷ್ಟು ಜನ ಎಂಬುದಕ್ಕೆ ನಮ್ಮ ಹದಿನೆಂಟು ಚುನಾವಣೆಯೇ ಸಾಕ್ಷಿ.

ಹೆಣ್ಣುಮಕ್ಕಳನ್ನು ಕಳಿಸಿಕೊಡುವಾಗ ಮಡಿಲಕ್ಕಿ ಕಟ್ಟುತ್ತೇವೆ. ಅದರ ಜೊತೆ ಒಂದು ಕಿವಿಮಾತನ್ನೂ ಕಟ್ಟಿ ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಹೋದ ಮನೆಯಲ್ಲಿ ಓಟಿನ ಅರ್ಜಿಯನ್ನು ಗಂಡನ ಕೈಗೋ ಮಾವನ ಕೈಗೋ ಕೊಟ್ಟು ಸುಮ್ಮನಾಗಬೇಡ, ನೀನೇ ತುಂಬು. ಪಟ್ಟಿ ಬಂದಾಗ ಹೋಗಿ ನಿನ್ನ ಹೆಸರು ನೀನೇ ಓದಿಕೊಂಡು ಬಾ.

ಮುಂದೆ ಗೆರೆ ಹೇಗೆ ಬರುತ್ತದೋ, ಕುಣಿಗಲ್ಲು ಯಾರ ಪಾಲಿಗೆ ಹೋಗುತ್ತದೋ, ಮೀಸಲು ತುಮಕೂರಿಗೆ ಯಾವಾಗ ಬರುತ್ತದೋ! ಬಂದ ದಿನ ನಾನಿದ್ದರೆ ಆ ಸಾಲಿನಲ್ಲಿ ನಿಂತೇ ನಿಲ್ಲುತ್ತೇನೆ. ಹೆಂಗಸು ನಿಂತಳೆಂದು ಕಣ್ಣು ಮುಚ್ಚಿ ಹಾಕುವವಳು ಮಾತ್ರ ನಾನಲ್ಲ. ಓಟು ಕೇಳಲು ಬಂದಾಗ ನಡುಮನೆಗೇ ಕರೆದು ಕೂರಿಸಿ, ಕಾಫಿ ಕೊಟ್ಟು, ‘ಹೇಮಾವತಿಯಲ್ಲಿ ಗುಬ್ಬಿಗೆಷ್ಟು, ಕುಣಿಗಲ್ಲಿಗೆಷ್ಟು, ಮೊದಲು ಅದನ್ನು ಹೇಳಮ್ಮ’ ಎಂದು ಅವಳನ್ನೂ ಕೇಳುತ್ತೇನೆ.